ಸಾಕ್ಷಿ ಹೇಳಿದವಳ ಬುತ್ತಿ

“ಅಯ್ಯನವರೇ, ಅನ್ಯಾಯ ಮಾಡಿದವನನ್ನು ಎದುರಿಸಬೇಕು ಎನ್ನುತ್ತೀರಿ. ಅವನನ್ನು ಪ್ರೀತಿಸಬೇಕು ಎಂದೂ ಹೇಳುತ್ತೀರಿ. ಒಂದೇ ಎದೆಯಲ್ಲಿ ಇವೆರಡೂ ಇರುವುದು ಹೇಗೆ?”

ಹೀಗೆ ಕೇಳಿದವನು ಜಯಶೀಲ. ಉಪದೇಶಿ ದೇವಪುತ್ರಪ್ಪನವರ ಬಳಿ ಸತ್ಯವೇದ ಕಲಿಯಲು ಬಂದವನು. ಭಾನುವಾರದ ಆರಾಧನೆ ಮುಗಿದು ಸಭೆಯವರೆಲ್ಲ ಮನೆಗೆ ಹೋಗಿದ್ದರು. ದೇವಪುತ್ರಪ್ಪನವರು ಚರ್ಚಿನ ಮೆಟ್ಟಿಲ ಮೇಲೆ ಕುಳಿತು, ಅವನನ್ನೂ ಕೂರಿಸಿಕೊಂಡು ಹೇಳಿದರು.

ಒಂದು ಊರಿನಲ್ಲಿ ಒಬ್ಬ ವಿಧವೆ ಇದ್ದಳು. ಜೋಳದ ರೊಟ್ಟಿ ಬಡಿದು ಮಾರಿ ಬದುಕುತ್ತಿದ್ದಳು. ಅವಳ ಸಭೆಯವರೇ ಅವಳ ಗಿರಾಕಿಗಳು. ಅವಳ ಮನೆಯ ಎದುರು ಒಬ್ಬ ಬಳೆಗಾರನ ಅಂಗಡಿ ಇತ್ತು. ಅವನು ಬೇರೆ ಮತದವನು. ಯಾವ ಹೆಣ್ಣುಮಗಳು ಬಂದರೂ “ಕೈ ಸಡಿಲ ಬಿಡು ತಾಯಿ” ಎಂದು ಹೇಳಿ ಬಳೆ ತೊಡಿಸುತ್ತಿದ್ದ.

ಒಂದು ದಿನ ಊರಿನಲ್ಲಿ ಒಂದು ಮಾತು ಹುಟ್ಟಿತು. ಬಳೆಗಾರ ಸಭೆಯ ಹುಡುಗಿಯೊಬ್ಬಳ ಕೈ ಹಿಡಿದೆಳೆದನಂತೆ ಎಂದು. ಎಳೆದದ್ದನ್ನು ಕಂಡವರು ಯಾರೂ ಇರಲಿಲ್ಲ. ಆದರೂ ಮಾತು ಮನೆಯಿಂದ ಮನೆಗೆ ಹೋಯಿತು, ಹೋದಲ್ಲೆಲ್ಲ ಬೆಳೆಯಿತು. ಸಂಜೆಯ ಹೊತ್ತಿಗೆ ಜನ ಸೇರಿದರು. ಅವರ ನಡುವಿನಿಂದ ಒಬ್ಬ ಯುವಕ ಮುಂದೆ ಬಂದು ಅಂಗಡಿಗೆ ಸೀಮೆಎಣ್ಣೆ ಸುರಿದು ಕಡ್ಡಿ ಗೀರಿದ. ಚರ್ಚಿನಲ್ಲಿ ಮುಂದಿನ ಸಾಲಿನಲ್ಲಿ ನಿಂತು ಕೀರ್ತನೆ ಹಾಡುವ ಯುವಕ ಅವನು. ಬಳೆಗಾರ ಬಳೆಯ ಪೆಟ್ಟಿಗೆ ಉಳಿಸಲು ಹೋಗಿ ಎರಡೂ ಕೈ ಸುಟ್ಟುಕೊಂಡ. ವಿಧವೆ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕಂಡಳು.

ಮರುದಿನ ಸಭೆಯ ಹಿರಿಯರು ಅವಳ ಮನೆಗೆ ಬಂದರು.

“ಅಕ್ಕಾ, ಹುಡುಗ ಬಿಸಿರಕ್ತದಲ್ಲಿ ತಪ್ಪು ಮಾಡಿದ. ಆದರೂ ನಮ್ಮವನು. ಕ್ಷಮಿಸುವುದೇ ನಮ್ಮ ಧರ್ಮವಲ್ಲವೇ? ನೀನು ಏನೂ ಕಂಡಿಲ್ಲ ಎಂದುಬಿಡು.”

“ಸುಟ್ಟದ್ದು ನನ್ನ ಕೈ ಅಲ್ಲವಲ್ಲ. ಬಳೆಗಾರನ ಪಾಲಿನ ಕ್ಷಮೆಯನ್ನು ನಾನು ಹೇಗೆ ಕೊಡಲಿ?”

ಹಿರಿಯರು ಎದ್ದು ಹೋದರು. ವಿಧವೆ ನ್ಯಾಯಾಲಯದಲ್ಲಿ ನಿಂತು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಒಂದು ಮಾತು ಹೆಚ್ಚಿಲ್ಲ, ಒಂದು ಮಾತು ಕಡಿಮೆಯಿಲ್ಲ. ಯುವಕನಿಗೆ ಸೆರೆಮನೆ ವಾಸವಾಯಿತು.

ಅಲ್ಲಿಂದ ಮುಂದೆ ಅವಳ ರೊಟ್ಟಿಯನ್ನು ಕೇಳುವವರಿಲ್ಲವಾಯಿತು. ಚರ್ಚಿನಲ್ಲಿ ಅವಳು ಕುಳಿತ ಬೆಂಚಿನಲ್ಲಿ ಬೇರೆ ಯಾರೂ ಕೂರಲಿಲ್ಲ. ಯುವಕನ ತಾಯಿ ಬೀದಿಯಲ್ಲಿ ಎದುರಾದರೆ ಮಣ್ಣು ತೂರಿ ಶಪಿಸುತ್ತಿದ್ದಳು. ವಿಧವೆ ಇದನ್ನೆಲ್ಲ ತಾಳಿಕೊಂಡಳು. ಸತ್ಯ ಹೇಳಿದ್ದೇನೆ, ನನ್ನ ಕೆಲಸ ಮುಗಿಯಿತು ಎಂದುಕೊಂಡಳು.

ಆದರೆ ಒಂದು ಬೆಳಿಗ್ಗೆ ಪ್ರಾರ್ಥನೆಗೆ ಮೊಣಕಾಲೂರಿದಾಗ ಅವಳ ಬಾಯಿಂದ ಮಾತು ಹೊರಡಲಿಲ್ಲ. ಆ ಯುವಕ ಒಳಗೆ ಕೊಳೆಯುತ್ತಿದ್ದಾನೆ ಎಂಬುದು ಅವಳಿಗೆ ಹಿತವಾಗಿತ್ತು. ಮತ್ತೆ ಮತ್ತೆ ನೆನೆದು ಚಪ್ಪರಿಸುವಷ್ಟು ಹಿತ. ಕಡ್ಡಿ ಗೀರುವಾಗ ಅವನ ಮುಖದಲ್ಲಿ ಕಂಡದ್ದೂ ಇಂಥದೇ ಖುಷಿ ಎಂದು ಅವಳಿಗೆ ಹೊಳೆಯಿತು. ಅವಳು ಹೆದರಿದಳು. ಎದ್ದು ಹಿಟ್ಟು ನಾದಿದಳು. ರೊಟ್ಟಿ, ಒಂದಿಷ್ಟು ಶೇಂಗಾ ಚಟ್ನಿ ಬಟ್ಟೆಯಲ್ಲಿ ಕಟ್ಟಿಕೊಂಡು ಸೆರೆಮನೆಗೆ ಹೋದಳು.

ಅವಳನ್ನು ಕಂಡ ಕೂಡಲೆ ಯುವಕ ಬೆನ್ನು ತಿರುಗಿಸಿದ. ಅವಳು ಬುತ್ತಿಯನ್ನು ಪಹರೆಯವನ ಕೈಗೆ ಕೊಟ್ಟು ಬಂದಳು. ದಾರಿಯುದ್ದಕ್ಕೂ ಅವಳಿಗೆ ಸಿಟ್ಟೇ ಬರುತ್ತಿತ್ತು. ಆದರೂ ಮುಂದಿನ ವಾರ ಮತ್ತೆ ಹೋದಳು. ಅದರ ಮುಂದಿನ ವಾರವೂ ಹೋದಳು. ಅವನು ತಿನ್ನತೊಡಗಿದ. ಚಟ್ನಿಗೆ ಖಾರ ಸಾಲದು ಎಂದು ಒಮ್ಮೆ ಗೊಣಗಿದ. ಅವಳು ಖಾರ ಹೆಚ್ಚಿಸಿದಳು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನು ಕಂಬಿಯ ಹತ್ತಿರ ಬಂದು ಕೇಳಿದ.

“ನನ್ನನ್ನು ಇಲ್ಲಿಗೆ ಕಳಿಸಿದವಳೂ ನೀನೇ, ಬುತ್ತಿ ತರುವವಳೂ ನೀನೇ. ನಿನಗೆ ನನ್ನಿಂದ ಏನಾಗಬೇಕು?”

“ನೀನು ಮಾಡಿದ್ದನ್ನು ಮುಚ್ಚಿಟ್ಟಿದ್ದರೆ ನಿನ್ನ ಮುಖ ನೋಡಲು ನನಗೆ ಆಗುತ್ತಿರಲಿಲ್ಲ, ಮಗಾ. ಹೇಳಿಬಿಟ್ಟೆ. ಈಗ ನೋಡಬಲ್ಲೆ. ನೀನೂ ಹೊರಗೆ ಬಂದ ಮೇಲೆ ಆ ಮನುಷ್ಯನ ಮುಖ ನೋಡಬೇಕು. ನನಗೆ ಬೇಕಾದದ್ದು ಅಷ್ಟೇ.”

ಯುವಕ ಅಂದು ತಿನ್ನಲಿಲ್ಲ. ಗೋಡೆಗೆ ಹಣೆ ಹಚ್ಚಿ ಅತ್ತ. ಅವಳು ಅಲ್ಲಿಯೇ ಕುಳಿತಿದ್ದಳು. ಪಹರೆಯವನು ಎಬ್ಬಿಸುವವರೆಗೂ ಏಳಲಿಲ್ಲ.

ಶಿಕ್ಷೆ ಮುಗಿದ ದಿನ ಅವನು ತನ್ನ ಮನೆಗೆ ಹೋಗುವ ಮೊದಲು ಬಳೆಗಾರನ ಮನೆಗೆ ಹೋದ. ವಿಧವೆ ಜೊತೆಗಿದ್ದಳು. ಅವನು ಅಂಗಳದಲ್ಲಿ ನಿಂತು, ಬೆಂಕಿ ಹಚ್ಚಿದವನು ನಾನು, ಕೇಳಿದ ಮಾತು ನಿಜವೋ ಸುಳ್ಳೋ ಎಂದು ಕೂಡ ವಿಚಾರಿಸಲಿಲ್ಲ ಎಂದ. ಬಳೆಗಾರ ಬಹಳ ಹೊತ್ತು ಅವನನ್ನೇ ನೋಡಿದ. ಕ್ಷಮಿಸಿದೆ ಎನ್ನಲಿಲ್ಲ. ಬೆರಳುಗಳು ಮಡಚದ ಕೈಗಳನ್ನು ಮುಂದೆ ಚಾಚಿ ತೋರಿಸಿದ. ಆಮೇಲೆ, ಅಂಗಡಿ ಹೋಯಿತು, ಪೆಟ್ಟಿಗೆ ಹೊತ್ತು ಮಾರಲು ನನಗಾಗುವುದಿಲ್ಲ, ನಾಳೆ ಬೆಳಿಗ್ಗೆ ಬಾ ಎಂದ.

ಯುವಕ ಹೋದ. ಬಳೆಪೆಟ್ಟಿಗೆ ಹೊತ್ತು ಬಳೆಗಾರನ ಹಿಂದೆ ಹಳ್ಳಿ ಹಳ್ಳಿ ತಿರುಗಿದ. ಬಿಡುವಾದಾಗ ಇಬ್ಬರೂ ಸೇರಿ ಅಂಗಡಿಯ ಗೋಡೆ ಎಬ್ಬಿಸಿದರು. ಬಾಗಿಲು ತೆರೆದ ದಿನ ಯುವಕನ ತಾಯಿ ಬಂದು ಬಳೆಗಾರನ ಮುಂದೆ ಕೈ ಚಾಚಿದಳು. ಮಡಚದ ಬೆರಳುಗಳಿಂದ ಅವನು ಹಸಿರು ಬಳೆ ತೊಡಿಸಿದ. ಬಹಳ ಹೊತ್ತು ಹಿಡಿಯಿತು. ಒಂದು ಬಳೆಯೂ ಒಡೆಯಲಿಲ್ಲ.

ಸಭೆಯವರು ಒಬ್ಬೊಬ್ಬರಾಗಿ ವಿಧವೆಯ ಬಳಿ ರೊಟ್ಟಿಗೆ ಬಂದರು. ಕೆಲವರು ಕೊನೆಯವರೆಗೂ ಬರಲಿಲ್ಲ. ಅವಳು ಅವರ ಮೇಲೆ ಮುನಿಸಿಕೊಳ್ಳಲಿಲ್ಲ. ಹಂಚು ಬಿಸಿಯಾಗಿರುತ್ತಿತ್ತು, ಕೈತುಂಬ ಕೆಲಸವಿತ್ತು, ಅವಳು ನೆಮ್ಮದಿಯಾಗಿದ್ದಳು.

ದೇವಪುತ್ರಪ್ಪನವರು ಇಷ್ಟು ಹೇಳಿ ನಿಲ್ಲಿಸಿದರು. ಜಯಶೀಲ ನಿಟ್ಟುಸಿರಿಟ್ಟ.

“ಆಕೆ ದೊಡ್ಡ ಮನಸ್ಸಿನವಳು, ಅಯ್ಯನವರೇ. ನನ್ನನ್ನು ದ್ವೇಷಿಸುವವರ ಬಳಿ ಹೋಗಲು ನನ್ನಲ್ಲಿ ಅಷ್ಟು ಪ್ರೀತಿ ಇಲ್ಲ.”

“ಮೊದಲ ದಿನ ಆಕೆಯಲ್ಲೂ ಇರಲಿಲ್ಲ ಮಗು, ಬುತ್ತಿಯೊಂದೇ ಇತ್ತು.”