ನಲವತ್ತು ಪಾಠಗಳ ಕರ್ತೃ

ಜುಲೇಖಾ ಟೀಚರ್ ಎರಡು ವರ್ಷ ಶಾಲೆಯ ಉಗ್ರಾಣದಲ್ಲಿ ಕೂತು, ಸ್ವಂತ ಮೊಬೈಲಿನಲ್ಲಿ ಹತ್ತನೇ ತರಗತಿಯ ಭೌತಶಾಸ್ತ್ರಕ್ಕೆ ನಲವತ್ತು ವಿಡಿಯೊ ಪಾಠ ಮಾಡಿದರು. ಶಿಕ್ಷಣ ಇಲಾಖೆಯ ಉಪನಿರ್ದೇಶಕ ಚನ್ನವೀರಪ್ಪನವರು ಒಂದನ್ನೂ ಪೂರ್ತಿ ನೋಡಲಿಲ್ಲ.

"ಜಿಲ್ಲೆಯ ಎಲ್ಲಾ ಶಾಲೆಗೂ ಕಳಿಸಿ. ಕರ್ತೃ ಅಂತ ನನ್ನ ಹೆಸರಿರಲಿ. ನಿಮ್ಮ ಹೆಸರು ಯಾರಿಗೆ ಗೊತ್ತು?"

"ಆಗಲಿ ಸಾರ್. ಮಕ್ಕಳು ಸಂದೇಹ ಕೇಳೋದಕ್ಕೆ ಕರ್ತೃವಿನ ಫೋನ್ ನಂಬರೂ ಹಾಕಬೇಕಲ್ಲ?"

"ಹಾಕಿ, ದೊಡ್ಡದಾಗೇ ಹಾಕಿ."

ಮೂರನೇ ದಿನದಿಂದ ಸಾಹೇಬರಿಗೆ ಮಕ್ಕಳ ಫೋನ್ ಶುರುವಾಯಿತು. ಊಟಕ್ಕೆ ಕೂತರೂ ಬಿಡಲಿಲ್ಲ, ಮೀಟಿಂಗಿನಲ್ಲೂ ಬಿಡಲಿಲ್ಲ. ಒಬ್ಬ ಹುಡುಗಿ ಕೇಳಿದಳು: "ಮಸೂರದ ಅರ್ಧಕ್ಕೆ ಕಾಗದ ಅಂಟಿಸಿದರೆ ಗೋಡೆ ಮೇಲೆ ದೀಪವೂ ಅರ್ಧವೇ ಕಾಣುತ್ತಾ ಸಾರ್?"

ಸಾಹೇಬರು ಗತ್ತಿನಿಂದ "ಹೌದಮ್ಮಾ" ಅಂದರು.

ಹುಡುಗಿ ಅಂಟಿಸಿ ನೋಡಿ ಮತ್ತೆ ಫೋನ್ ಮಾಡಿದಳು. "ಪೂರ್ತಿ ದೀಪ ಕಾಣ್ತಿದೆ ಸಾರ್, ಸ್ವಲ್ಪ ಮಂಕು ಅಷ್ಟೇ. ಪಾಠ ಮಾಡಿದ ಟೀಚರಿಗೆ ಫೋನ್ ಕೊಡ್ತೀರಾ?"

ಮರುದಿನವೇ ಜುಲೇಖಾ ಟೀಚರಿಗೆ ಕಚೇರಿಗೆ ಬರುವಂತೆ ಕರೆ ಬಂತು. ಸಾಹೇಬರು ಕಡತದಿಂದ ತಲೆ ಎತ್ತಲಿಲ್ಲ.

"ನನ್ನ ಹೆಸರು ತೆಗೆದುಬಿಡಿ."

"ಆ ಜಾಗದಲ್ಲಿ ಯಾರದ್ದು ಹಾಕಲಿ ಸಾರ್?"

"ಹೆಸರು ಯಾರದ್ದೂ ಬೇಡ. ನಂಬರ್ ಮಾತ್ರ ನಿಮ್ಮದು ಹಾಕಿ."