ಹೊಳೆದಂಡೆಯ ಕುಂಬಾರಗೇರಿ

"ಗುರುಗಳೇ, ನಾಳೆ ಏನಾಗುತ್ತದೆ ಎಂದು ಖಚಿತವಾಗಿ ಹೇಳಲಾರದ ಲೆಕ್ಕವನ್ನು ಏತಕ್ಕೆ ಕಲಿಯಬೇಕು?" ಎಂದು ಶಿಷ್ಯ ಬೊಮ್ಮರಸ ಕೇಳಿದ. ಗುರುಗಳು ಈ ಕತೆ ಹೇಳಿದರು.

ಒಬ್ಬ ಪಾಳೆಯಗಾರನ ಆಸ್ಥಾನದಲ್ಲಿ ಗಣಿತ ಬಲ್ಲ ಒಬ್ಬ ಹೆಂಗಸಿದ್ದಳು. ಕುಂಬಾರರಿಗೆ ಹೊಳೆಯ ದಂಡೆಯಲ್ಲಿ ಕೇರಿ ಕಟ್ಟಿಸಿಕೊಡಬೇಕೆಂದು ಪಾಳೆಯಗಾರನಿಗೆ ಮನಸ್ಸಾಯಿತು. ಮಣ್ಣು, ನೀರು ಎರಡೂ ಅಲ್ಲೇ ಸಿಗುತ್ತಿದ್ದವು. ಹೊಳೆ ಒಡ್ಡು ದಾಟಿ ಬರುತ್ತದೆಯೇ ನೋಡಿ ಹೇಳೆಂದು ಆಕೆಗೆ ಅಪ್ಪಣೆಯಾಯಿತು.

ಆಕೆ ಊರಿನ ಹಿರಿಯರನ್ನೆಲ್ಲ ಕಂಡು ಹಿಂದಿನ ಮಳೆಗಾಲಗಳನ್ನು ವಿಚಾರಿಸಿದಳು. ಬೆಟ್ಟದ ಮಳೆಗೆ ಒಂದು, ಊರಿನ ಮಳೆಗೆ ಒಂದು, ಎರಡರ ನೀರೂ ಒಟ್ಟಿಗೆ ಬಂದು ಸೇರುವುದಕ್ಕೆ ಒಂದು ಎಂದು ಮೂರು ಕುಡಿಕೆ ಇಟ್ಟುಕೊಂಡಳು. ಮಳೆ ಜೋರಾದ, ನೀರು ಒಟ್ಟಿಗೆ ಸೇರಿದ ವರ್ಷಗಳಿಗೆ ಕಪ್ಪು ಬೀಜ, ಉಳಿದವಕ್ಕೆ ಬಿಳಿ ಬೀಜ ಎಂದು, ಹಿರಿಯರು ಹೇಳಿದ ಪ್ರಮಾಣದಲ್ಲೇ ಅವುಗಳೊಳಗೆ ಬೆರೆಸಿದಳು. ಕಣ್ಣು ಮುಚ್ಚಿ ಮೂರರಿಂದಲೂ ಒಂದೊಂದು ಬೀಜ ತೆಗೆದರೆ ಒಂದು ಮಳೆಗಾಲ ಕಳೆದಂತೆ. ಮೂರೂ ಕಪ್ಪು ಬಂದರೆ ಹೊಳೆ ಒಡ್ಡು ದಾಟಿದಂತೆ. ಬೀಜಗಳನ್ನು ಮತ್ತೆ ಹಾಕಿ, ಕಲಕಿ, ಮತ್ತೆ ತೆಗೆದಳು. ಹೀಗೆ ಕೂತಲ್ಲೇ ಸಾವಿರಾರು ಮಳೆಗಾಲಗಳನ್ನು ಕಂಡಳು.

ಹತ್ತು ಮಳೆಗಾಲದಲ್ಲಿ ಎರಡು ಸಲ ಹೊಳೆ ಕೇರಿಗೆ ನುಗ್ಗೀತು ಎಂದು ಬಂದು ತಿಳಿಸಿದಳು. ಈ ಸಲ ಬರುತ್ತದೋ ಇಲ್ಲವೋ ಎಂದು ಪಾಳೆಯಗಾರ ಕೇಳಿದ. ತಿಳಿಯದು ಎಂದಳು. ಸಭೆ ನಕ್ಕಿತು. ಜೋಯಿಸನೊಬ್ಬ ಎದ್ದು, ಖಂಡಿತ ಬರುವುದಿಲ್ಲ ಎಂದ. ಪಾಳೆಯಗಾರನಿಗೆ ರೇಗಿತು. ಬರುತ್ತದೆ ಅನ್ನು, ಇಲ್ಲವೇ ಬರುವುದಿಲ್ಲ ಅನ್ನು, ಎರಡೂ ಆಗದಿದ್ದರೆ ಆಸ್ಥಾನ ಬಿಟ್ಟು ಹೊರಡು ಎಂದ.

"ತಿಳಿಯದ್ದನ್ನು ತಿಳಿದಿದೆ ಎನ್ನಲಾರೆ, ಒಡೆಯಾ. ಎಷ್ಟು ತಿಳಿಯದು ಎಂಬುದು ತಿಳಿದಿದೆ. ಅದನ್ನು ಹೇಳಿದ್ದೇನೆ."

ಆಕೆ ಆಸ್ಥಾನ ಬಿಟ್ಟಳು. ಊರು ಬಿಡಲಿಲ್ಲ. ಕೇರಿ ಎದ್ದಿತು. ಮುಂಗಾರಿಗೆ ಮೊದಲು ಆಕೆ ಮನೆ ಮನೆಗೂ ಹೋಗಿ ತನ್ನ ಲೆಕ್ಕ ತಿಳಿಸಿ, ಮಳೆಗಾಲ ಮುಗಿಯುವವರೆಗೆ ದಿಬ್ಬದ ಮೇಲೆ ಗುಡಿಸಲು ಹಾಕಿಕೊಳ್ಳಿ ಎಂದಳು. ಕುಂಬಾರರು ಹೆದರಿ ದಿಬ್ಬ ಹತ್ತಿದರು. ಅಲ್ಲಿನ ಗಾಳಿಗೆ ಮಡಕೆ ಸುಡುವ ಆವಿಗೆ ಸರಿಯಾಗಿ ಉರಿಯಲಿಲ್ಲ. ಸುಟ್ಟ ಮಡಕೆಗಳೆಲ್ಲ ಬಿರುಕು ಬಿಟ್ಟವು. ಹೊಳೆ ಬರಲಿಲ್ಲ.

ದೂರು ಹೋಯಿತು. ಪಾಳೆಯಗಾರ ಆಕೆಯನ್ನು ಕರೆಸಿ, ತಪ್ಪಾಯಿತೆಂದು ಎಲ್ಲರೆದುರು ಒಪ್ಪಿಕೋ ಎಂದ. ಒಡೆದ ಮಡಕೆ ಹಿಡಿದು ನಿಂತವರನ್ನು ಕಂಡು ಆಕೆಗೆ ಸಂಕಟವಾಯಿತು. ಇವರ ನಷ್ಟಕ್ಕೆ ಮರುಗುತ್ತೇನೆ, ಲೆಕ್ಕಕ್ಕೆ ಕ್ಷಮೆ ಕೇಳುವುದಿಲ್ಲ ಎಂದಳು. ಯಾರೋ ಒಡೆದ ಮಡಕೆಯ ಬೋಕಿಯೊಂದನ್ನು ಎಸೆದರು. ಹಣೆ ಒಡೆಯಿತು. ಆಕೆ ತಲೆ ತಗ್ಗಿಸಲಿಲ್ಲ.

ಮರುವರ್ಷ ಮೋಡ ಕವಿಯುತ್ತಲೇ ಮತ್ತೆ ಅದೇ ಬಾಗಿಲುಗಳನ್ನು ತಟ್ಟಿದಳು. ಹೋದ ವರ್ಷದ ಮಾತನ್ನೇ ಆಡಿದಳು. ಮನಸ್ಸಿಗೆ ತಟ್ಟಲಿ ಎಂದು ಲೆಕ್ಕವನ್ನು ಹೆಚ್ಚಿಸಲಿಲ್ಲ, ಬೈಗುಳಕ್ಕೆ ಅಂಜಿ ಇಳಿಸಲಿಲ್ಲ. ಕೆಲವರು ಮುಖದ ಮೇಲೆ ಬಾಗಿಲು ಹಾಕಿಕೊಂಡರು. ಅರ್ಧ ಕೇರಿ ದಿಬ್ಬ ಹತ್ತಿತು, ಅರ್ಧ ಕೆಳಗೇ ಉಳಿಯಿತು.

ಒಂದು ಮಧ್ಯಾಹ್ನ ಹೊಳೆ ಒಡ್ಡು ದಾಟಿತು. ದಿಬ್ಬದ ಮೇಲಿದ್ದವರು ಬದುಕಿದರು. ಕೆಳಗಿದ್ದವರಲ್ಲಿ ಕೆಲವರನ್ನು ಹಗ್ಗ ಬಿಟ್ಟು ಎಳೆದುಕೊಂಡರು. ಉಳಿದವರು ಸಿಗಲಿಲ್ಲ.

ಪಾಳೆಯಗಾರ ಕೆಸರು ತುಳಿದುಕೊಂಡು ತಾನೇ ಬಂದ. ನಿನ್ನ ಮಾತು ನಿಜವಾಯಿತು, ಆಸ್ಥಾನಕ್ಕೆ ಹಿಂತಿರುಗು ಎಂದು ಚಿನ್ನದ ಬಳೆ ಮುಂದೆ ಹಿಡಿದ. ಆಕೆ ಕೈ ಚಾಚಲಿಲ್ಲ.

"ಇಂದು ನಿಜವಾಯಿತು ಎಂದರೆ ಹೋದ ವರ್ಷ ಸುಳ್ಳಾಗಿತ್ತು ಎಂದಾಗುತ್ತದೆ, ಒಡೆಯಾ. ಎರಡು ಸಲವೂ ನಾನು ಹೇಳಿದ್ದು ಒಂದೇ ಮಾತು. ಅಂದಿನ ಬೋಕಿಯೂ ಬೇಡ, ಇಂದಿನ ಬಳೆಯೂ ಬೇಡ."

ಅಷ್ಟು ಹೇಳಿ, ಇನ್ನೂ ಹಗ್ಗ ಹಿಡಿದು ಹುಡುಕುತ್ತಿದ್ದವರ ಕಡೆ ಇಳಿದು ಹೋದಳು.

ಗುರುಗಳು ಇಲ್ಲಿಗೆ ನಿಲ್ಲಿಸಿದರು. ಬೊಮ್ಮರಸ ತಡೆಯಲಾರದೆ, ಅದರ ಮುಂದಿನ ವರ್ಷ ಹೊಳೆ ಬಂದಿತೇ ಎಂದು ಕೇಳಿದ.

"ಅದು ತಿಳಿಯುವ ಮೊದಲು, ನೀನಾಗಿದ್ದರೆ ಗುಡಿಸಲು ಎಲ್ಲಿ ಹಾಕುತ್ತಿದ್ದೆ?" ಎಂದರು ಗುರುಗಳು.