ಹತ್ತಕ್ಕೆ ಎಂಟು

“ಲೆಕ್ಕ ಸರಿಯಿದ್ದವನೂ ಜೂಜಿನಲ್ಲಿ ಸೋಲುವುದುಂಟೇ, ಗುರುಗಳೇ?” ಎಂದು ಶಿಷ್ಯ ಕೇಳಿದ.

“ನೀನೇ ಊಹಿಸು. ಟಗರಿನ ಕಾಳಗದಲ್ಲಿ ಯಾವುದು ಗೆಲ್ಲುತ್ತದೆ ಎಂದು ಹತ್ತಕ್ಕೆ ಎಂಟು ಸಲ ಸರಿಯಾಗಿ ಹೇಳಬಲ್ಲ ಒಬ್ಬ ನೇಕಾರನಿದ್ದ. ಹತ್ತು ಕಾಳಗ ನಡೆದವು. ಅವನು ಏನಾದ?”

“ಸಾಹುಕಾರನಾದ,” ಎಂದ ಶಿಷ್ಯ, ಯೋಚಿಸುವ ಗೋಜಿಗೂ ಹೋಗದೆ.

ಗುರು ನಕ್ಕ. ಆ ನಗುವಿನಲ್ಲಿ ಸಂತೋಷವೇನೂ ಇರಲಿಲ್ಲ. ಕತೆ ಹೇಳತೊಡಗಿದ.

ನೇಕಾರನಿಗೆ ಇದ್ದದ್ದು ಒಂದೇ ಆಸೆ. ಇಪ್ಪತ್ತು ವರ್ಷ ಕಂಡವರ ಮಗ್ಗದಲ್ಲಿ ಕೂತು ಕೂಲಿಗೆ ನೇಯ್ದಿದ್ದ. ಕಣ್ಣು ಮಂಜಾಗುವುದರೊಳಗೆ ಸ್ವಂತ ಮಗ್ಗದಲ್ಲಿ ಒಂದು ಸೀರೆಯನ್ನಾದರೂ ನೇಯಬೇಕು. ಮಗ್ಗದ ಬೆಲೆ ನೂರಿಪ್ಪತ್ತೈದು ರೂಪಾಯಿ. ಕೈಯಲ್ಲಿದ್ದದ್ದು ಇಪ್ಪತ್ತೇಳು. ಆದರೆ ದೇವರು ಅವನಿಗೆ ಇನ್ನೊಂದು ವಿದ್ಯೆ ಕೊಟ್ಟಿದ್ದ. ಟಗರು ಕಣಕ್ಕಿಳಿದು ಕಾಲೂರುವುದನ್ನು ನೋಡಿಯೇ, ಇದು ಗೆಲ್ಲುವ ಪೈಕಿಯೋ ಅಲ್ಲವೋ ಹೇಳಿಬಿಡುತ್ತಿದ್ದ.

ಸಂತೆಯ ದಿನ, ವಾರಕ್ಕೊಂದು ಕಾಳಗ. ಪಣ ಹಿಡಿಯುವವನು ಬಲವಾದ ಟಗರಿಗೆ ಕೊಡುತ್ತಿದ್ದ ದರ ಹೀಗೆ: ಮೂರು ಕಟ್ಟಿ ಗೆದ್ದರೆ ಆ ಮೂರರ ಜೊತೆಗೆ ಎರಡು, ಸೋತರೆ ಮೂರೂ ಅವನ ಪಾಲು. ನೇಕಾರನೇನು ದಡ್ಡನೇ? ಬೆರಳು ಮಡಚಿ ನೋಡಿದ. ಐದು ಸಲ ಕಟ್ಟಿ ಮೂರು ಸಲ ಗೆದ್ದರೆ ಬಂದದ್ದು ಆರು, ಹೋದದ್ದು ಆರು. ಲಾಭವೂ ಇಲ್ಲ, ನಷ್ಟವೂ ಇಲ್ಲ. ತನ್ನ ಮಾತೋ ಐದರಲ್ಲಿ ನಾಲ್ಕು ಸಲ ಸರಿ. ಇನ್ನೇನು ಹೆದರಿಕೆ? ಆ ಲೆಕ್ಕದಲ್ಲಿ ಎಳ್ಳಷ್ಟೂ ತಪ್ಪಿರಲಿಲ್ಲ.

ಇಪ್ಪತ್ತೇಳನ್ನೂ ಕಟ್ಟಿದ. ನಲವತ್ತೈದಾಯಿತು. ಮುಂದಿನ ಸಂತೆಗೆ ನಲವತ್ತೈದನ್ನೂ ಕಟ್ಟಿದ. ಎಪ್ಪತ್ತೈದಾಯಿತು. ಇನ್ನೊಂದು ಗೆದ್ದರೆ ಸರಿಯಾಗಿ ಮಗ್ಗದ ಬೆಲೆ.

ಮೂರನೆಯ ಸಂತೆಗೆ ಹೊರಟವನನ್ನು ಹೆಂಡತಿ ತಡೆದಳು. “ರೀ, ಹಾಸು ಏರಿಸುವಾಗ ಇರೋ ನೂಲನ್ನೆಲ್ಲ ಮಗ್ಗಕ್ಕೆ ಏರಿಸಿಬಿಡ್ತೀರಾ? ಎಳೆ ಕಡಿದರೆ ಗಂಟು ಹಾಕೋಕೆ ಅಂತ ಒಂದು ಉಂಡೆ ತೆಗೆದಿಡಲ್ವಾ? ಇದಕ್ಕೂ ಹಾಗೇ ಮಾಡಿ. ಸಲಕ್ಕೆ ಒಂಬತ್ತು ಕಟ್ಟಿ, ಸಾಕು.”

“ನಿನ್ನ ಮಾತು ಕೇಳಿದರೆ ಆಯಿತು! ಮಗ್ಗ ಮನೆಯೊಳಗೆ ಬರೋ ಹೊತ್ತಿಗೆ ನನ್ನನ್ನು ನಾಲ್ಕು ಜನ ಆಚೆಗೆ ಹೊತ್ತುಕೊಂಡು ಹೋಗ್ತಿರ್ತಾರೆ.”

ಎಪ್ಪತ್ತೈದನ್ನೂ ಕಟ್ಟಿದ. ಅವನು ಆರಿಸಿದ ಟಗರು ಚೆನ್ನಾಗಿಯೇ ಕಾಲೂರಿತು. ಮೊದಲ ಗುದ್ದಿಗೇ ಎದುರಾಳಿ ತತ್ತರಿಸಿತು. ಆಮೇಲೆ ಅವನ ಟಗರಿಗೇನಾಯಿತೋ, ಯಾರಿಗೂ ತಿಳಿಯಲಿಲ್ಲ. ಮುಖ ತಿರುಗಿಸಿ, ಮೇಯಲು ಹೊರಟ ಹಾಗೆ, ಕಣದಿಂದ ಹೊರಗೆ ನಡೆಯಿತು. ಬೆನ್ನು ತೋರಿಸಿದ ಟಗರು ಸೋತ ಟಗರು.

ಮುಂದಿನ ಏಳು ಸಂತೆಗಳಿಗೂ ನೇಕಾರ ಹೋದ, ಬರಿಗೈಯಲ್ಲಿ. ಬೇಲಿಯ ಪಕ್ಕ ನಿಂತು, ಕೇಳಿದವರಿಗೆಲ್ಲ ಗೆಲ್ಲುವ ಟಗರನ್ನು ತೋರಿಸಿದ. ಏಳರಲ್ಲಿ ಆರು ಸರಿಯಾದವು. ಅವನ ಮಾತು ನಂಬಿ ಕಟ್ಟಿದವನೊಬ್ಬ ಹೆಗಲ ಮೇಲೆ ಕೈಹಾಕಿ, “ನಿನ್ನ ಕಣ್ಣೇ ಕಣ್ಣು ಕಣಣ್ಣ!” ಎಂದು ಎಲೆ ಅಡಿಕೆ ಕೊಟ್ಟ. ನೇಕಾರ ಅದನ್ನು ಬಾಯಿಗೆ ಹಾಕಿಕೊಂಡು, ಧಣಿಯ ಮಗ್ಗಕ್ಕೆ ಹೊತ್ತಾಯಿತೆಂದು ಹೊರಟುಹೋದ.

ಶಿಷ್ಯ ಬೆರಳು ಮಡಚಿ ಎಣಿಸಿದ. “ಮೊದಲಿನ ಎರಡು, ಆಮೇಲಿನ ಆರು. ಹತ್ತಕ್ಕೆ ಎಂಟು ಬಂದೇ ಬಂತಲ್ಲ, ಗುರುಗಳೇ! ಅವನ ಲೆಕ್ಕ ಸರಿಯಾಗಿಯೇ ಇತ್ತು!”

ಅದಕ್ಕೆ ಗುರು ಹೇಳಿದ್ದು ಒಂದೇ ಮಾತು. ಹೇಳುವಾಗ ಅವನ ಬೆರಳುಗಳು, ಕಡಿದ ಎಳೆಗೆ ಗಂಟು ಹಾಕುವ ಹಾಗೆ, ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದವು.

“ಸರಿಯಾಗಿಯೇ ಇತ್ತು, ಮಗು, ಅದು ಸರಿಯಾಗುವ ತನಕ ಕಾಯಲು ಬೇಕಿದ್ದ ನಾಳೆಗಳನ್ನೆಲ್ಲ ಅವನು ಒಂದೇ ದಿನ ಪಣಕ್ಕೆ ಕಟ್ಟಿಬಿಟ್ಟಿದ್ದ, ಮಾಘ ಬಹುಳ ತದಿಗೆ, ಬುಧವಾರ.”